ಬೆರಳಿಗೆ ನಿಷೇಧ, ಸಿಡಿಮದ್ದಿಗೆ?

ಕಂಪ್ಲಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಶಬ್ದದ ಪಾಠ ಬಂದಾಗಲೆಲ್ಲ ಹಂಪಿಯ ವಿಜಯ ವಿಠ್ಠಲ ದೇವಾಲಯದ ಮಾತೆತ್ತುತ್ತೇನೆ. ಅಲ್ಲಿನ ಸಂಗೀತ ಕಂಬಗಳು ಟೊಳ್ಳಲ್ಲ, ಗಟ್ಟಿ ಗ್ರಾನೈಟ್. ಬೆರಳಿನಿಂದ ತಟ್ಟಿದರೆ ಇಡೀ ಕಂಬ ಕಂಪಿಸಿ ನಾದ ಹೊಮ್ಮುತ್ತದೆ. ಉದ್ದ, ದಪ್ಪ ಬದಲಾದಂತೆ ಸ್ವರವೂ ಬದಲಾಗುತ್ತದೆ. ಎಂಥ ಶಿಲ್ಪಿಗಳು ಅವರು! ಬಂದವರೆಲ್ಲ ಬಡಿದು ಬಡಿದು ಕಲ್ಲು ಸವೆಯಿತೆಂದು ಈಗ ಮುಟ್ಟುವುದಕ್ಕೇ ನಿಷೇಧ. ಗುಡಿಯ ಬಳಿಗೆ ಬ್ಯಾಟರಿ ವಾಹನ ಮಾತ್ರ. ಎರಡೂ ಸರಿಯಾದ ಕ್ರಮಗಳೇ.

ಆದರೆ ಪಕ್ಕದ ಸಂಡೂರಿನ ಬೆಟ್ಟಗಳಲ್ಲಿ ಕುಮಾರಸ್ವಾಮಿ, ಪಾರ್ವತಿ ದೇವಾಲಯಗಳಿವೆ; ಅವು ಹಂಪಿಯ ವಿಠ್ಠಲ ದೇವಾಲಯಕ್ಕಿಂತ ಹಳೆಯವು. ಅದೇ ಬೆಟ್ಟಸಾಲಿನಲ್ಲಿ ಅದಿರಿನ ಗಣಿಗಳೂ ಇವೆ; ಗಣಿಯಲ್ಲಿ ಬಂಡೆ ಸಿಡಿಸಿದರೆ ನೆಲ ಕಂಪಿಸುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಚಾರಿತ್ರಿಕ ಕಟ್ಟಡದ ಬಳಿ 8 ಹರ್ಟ್ಜ್‌ಗಿಂತ ಕಡಿಮೆ ಆವರ್ತನದ ನೆಲಕಂಪನದ ವೇಗ ಸೆಕೆಂಡಿಗೆ 2 ಮಿಲಿಮೀಟರ್ ಮೀರಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ಅದು. ಆ ಮಿತಿ ಮೀರಿದ ಕಂಪನ ಪದೇ ಪದೇ ಆದರೆ ಕಲ್ಲಿನ ಸಂದಿಗಳು ಸಡಿಲಗೊಳ್ಳಬಹುದು.

ಬಂಡೆ ಸಿಡಿಸಿದ ದಿನವೇ ಗುಡಿಯ ಬಳಿಯ ಕಂಪನದ ಅಳತೆಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಕನ್ನಡದಲ್ಲಿ ಬರೆದು ಹಾಕಬೇಕು. ಸಂಡೂರು ತಾಲ್ಲೂಕಿನ ಹಳ್ಳಿಗಳ ಜನ ಗ್ರಾಮಸಭೆಯಲ್ಲಿ ಇದನ್ನು ಕೇಳಲಿ.