ಹಳೆಯ ಗಿರಣಿಗಳನ್ನು ಕೆಡಹುವ ಮುನ್ನ: ನಾಗರಿಕರಿಗೂ ನಗರಾಡಳಿತಗಳಿಗೂ ವಿನಂತಿ

ಬಾಗಿಲು ಮುಚ್ಚಿದ ಗಿರಣಿಯನ್ನು ಬರಿಯ ನಿವೇಶನವೆಂದು ಎಣಿಸಿ, ಕಂಬ ತೊಲೆಗಳನ್ನು ಗುಜರಿಗೆ ಹಾಕಿ, ನೆಲವನ್ನು ತೆರವುಗೊಳಿಸುವುದು ಇಂದು ರೂಢಿಯಾಗಿಬಿಟ್ಟಿದೆ. ಈ ರೂಢಿ ನಿಲ್ಲಬೇಕೆಂಬುದೇ ಈ ಕರಪತ್ರದ ವಾದ. ಅದಕ್ಕೆ ಬಲವಾದ ಸಾಕ್ಷಿಯೊಂದು ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ, ಈಗ ಮುಚ್ಚಿಹೋಗಿರುವ ಕಾಲುವೆಯೊಂದರ ದಂಡೆಯಲ್ಲಿ ನಿಂತಿದೆ.

ಅದು ಡಿದರಿಂಗ್‌ಟನ್ನಿನ ಅಗಸೆ ಗಿರಣಿ. ಉತ್ತರ ಕರ್ನಾಟಕದ ರೈತರು ಎಣ್ಣೆಬೀಜಕ್ಕಾಗಿ ಬೆಳೆಯುವ ಅಗಸೆಯ ಕಾಂಡದಲ್ಲಿ ನಾರೂ ಇದೆ. ಆ ನಾರಿನ ನೂಲಿನಿಂದಲೇ ಲಿನನ್ ಬಟ್ಟೆ ನೇಯುತ್ತಾರೆ. ಅಂಥ ನೂಲು ತೆಗೆಯಲು ಲೀಡ್ಸ್‌ನ ಜಾನ್ ಮಾರ್ಷಲ್, ಬೆನ್ಯನ್ ಸೋದರರು ಹಾಗೂ ಚಾರ್ಲ್ಸ್ ಬೇಜ್ ಪಾಲುಗಾರರಾಗಿ 1796-97ರಲ್ಲಿ ಈ ಐದಂತಸ್ತಿನ ಗಿರಣಿಯನ್ನು ಕಟ್ಟಿಸಿದರು. ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲು ಆಗತಾನೇ ತೋಡಿದ್ದ ಶ್ರೂಸ್‌ಬರಿ ಕಾಲುವೆಯ ದೋಣಿಗಳಲ್ಲಿ ಬರುತ್ತಿದ್ದುದರಿಂದ ಗಿರಣಿಗೆ ಕಾಲುವೆಯ ಮಗ್ಗುಲೇ ತಕ್ಕ ಜಾಗವಾಯಿತು.

ಆ ಕಾಲದ ಗಿರಣಿಗಳ ದೊಡ್ಡ ಶತ್ರು ಬೆಂಕಿ. ಮರದ ತೊಲೆ, ಎಣ್ಣೆ ಹೀರಿದ ಹಲಗೆಯ ನೆಲ, ಗಾಳಿಯಲ್ಲಿ ತೇಲುವ ನಾರಿನ ಧೂಳು ಇವುಗಳ ನಡುವೆ ದೀಪದ ಒಂದು ಕಿಡಿ ಸಾಕಾಗುತ್ತಿತ್ತು. ಲಂಡನ್ನಿನ ಹೆಸರಾಂತ ಆಲ್ಬಿಯನ್ ಹಿಟ್ಟಿನ ಗಿರಣಿ 1791ರಲ್ಲಿ ಸುಟ್ಟುಹೋಯಿತು. ಡರ್ಬಿಯ ವಿಲಿಯಂ ಸ್ಟ್ರಟ್ ಕಂಬಗಳನ್ನು ಕಬ್ಬಿಣಕ್ಕೆ ಬದಲಿಸಿದನಾದರೂ ತೊಲೆಗಳನ್ನು ಮರದಲ್ಲೇ ಉಳಿಸಿ ಅವುಗಳಿಗೆ ಗಾರೆ ಮೆತ್ತಿಸಿದ. ಉಳಿದ ಹೆಜ್ಜೆಯನ್ನು ಇಟ್ಟವನು ವೃತ್ತಿಯಿಂದ ಮದ್ಯದ ವ್ಯಾಪಾರಿಯೂ ಭೂಮಾಪಕನೂ ಆಗಿದ್ದ ಬೇಜ್. ತೊಲೆಯ ಬಲವನ್ನು ಲೆಕ್ಕಹಾಕಿ, ಕಂಬ ತೊಲೆ ಎರಡನ್ನೂ ಎರಕದ ಕಬ್ಬಿಣದಲ್ಲಿ, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದ ಕಬ್ಬಿಣದಲ್ಲಿ ಮಾಡಿಸಿದ ಆತ, ಒಂದು ತೊಲೆಯಿಂದ ಇನ್ನೊಂದಕ್ಕೆ ಇಟ್ಟಿಗೆಯ ತಗ್ಗು ಕಮಾನುಗಳನ್ನು ಹೂಡಿ, ಅವುಗಳ ಮೇಲೆ ನೆಲ ಹಾಸಿಸಿದ. ಒಳಗೆ ನಿಂತು ನೋಡಿದರೆ ಅಡ್ಡಕೊಯ್ತದಲ್ಲಿ ಶಿಲುಬೆಯಾಕಾರವಿರುವ ಕಂಬಗಳು ನಡುವಿನಲ್ಲಿ ತುಸು ಉಬ್ಬಿ, ಎರಡೂ ತುದಿಗಳಲ್ಲಿ ಸಣ್ಣಗಾಗಿರುವುದು ಕಾಣುತ್ತದೆ. ಇದು ಬರಿಯ ಅಲಂಕಾರವಲ್ಲ, ಭಾರ ಬಿದ್ದಾಗ ಕಂಬ ಮೊದಲು ಬಾಗುವುದು ನಡುವಿನಲ್ಲೇ. ಹೊರಗೋಡೆಗಳು ಇಟ್ಟಿಗೆಯವಾದರೂ ಒಳಗಿನ ಹಂದರವೆಲ್ಲ ಕಬ್ಬಿಣದ್ದು. ಜಗತ್ತಿನಲ್ಲಿ ಈ ಬಗೆಯ ಮೊದಲ ಕಟ್ಟಡ ಇದೇ ಆದ್ದರಿಂದ ಇದನ್ನು ಗಗನಚುಂಬಿ ಕಟ್ಟಡಗಳ ಅಜ್ಜ ಎನ್ನುತ್ತಾರೆ. ಭಾರತದ ಹಳೆಯ ರೈಲು ನಿಲ್ದಾಣ, ಕಚೇರಿಗಳಲ್ಲಿ ಕಾಣುವ, ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆ ಕಮಾನು ಹೂಡಿದ ‘ಜಾಕ್ ಆರ್ಚ್’ ತಾರಸಿಗಳು ಇದೇ ವಂಶದವು.

ಅಗಸೆ ನೂಲಿನ ಕೆಲಸ 1886ರಲ್ಲಿ ನಿಂತರೂ ಕಟ್ಟಡ ಸಾಯಲಿಲ್ಲ. 1897ರ ಸುಮಾರಿಗೆ ಅದು ಮಾಲ್ಟ್ ಮನೆಯಾಯಿತು, ಎಂದರೆ ಬಿಯರಿಗಾಗಿ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ಜಾಗವಾಯಿತು. ಮೊಳಕೆಗೆ ಬೆಳಕು ಬೇಡವಾದ್ದರಿಂದ ಬಹುಪಾಲು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಇಲ್ಲಿ ತಂಗಿದರು. 1987ರಲ್ಲಿ ಮಾಲ್ಟ್ ಮನೆಯೂ ಮುಚ್ಚಿ ಕಟ್ಟಡ ಪಾಳುಬಿದ್ದಾಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 2005ರಲ್ಲಿ ಅದನ್ನು ಕೊಂಡಿತು. ದೀರ್ಘ ದುರಸ್ತಿಯ ನಂತರ 2022ರಲ್ಲಿ ಅದು ಕಚೇರಿಗಳಿಗೂ ವಸ್ತುಪ್ರದರ್ಶನಕ್ಕೂ ತೆರೆಯಿತು. ಕಂಬಗಳ ನಡುವೆ ವಿಶಾಲವಾದ ನೆಲವುಳ್ಳ ಗಿರಣಿ ಯಾವ ಹೊಸ ಬಳಕೆಗೂ ಒಗ್ಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇಂಥ ಗಿರಣಿಗಳು ಶೋಷಣೆಯ ನೆಲೆಗಳಾಗಿದ್ದುವಲ್ಲ, ಅವನ್ನೇಕೆ ಉಳಿಸಬೇಕು ಎಂಬ ಆಕ್ಷೇಪ ಗಂಭೀರವಾದದ್ದು. ಏಳನೆಯ ವಯಸ್ಸಿಗೆ ಇದೇ ಗಿರಣಿಗೆ ದುಡಿಯಲು ಬಂದವನೊಬ್ಬ 1832ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಟ್ಟಿದ್ದಾನೆ: ತೂಕಡಿಸಿದ ಹುಡುಗನನ್ನು ಮೇಲ್ವಿಚಾರಕ ಕಾಲು ಹಿಡಿದೆತ್ತಿ, ಮೂಲೆಯಲ್ಲಿದ್ದ ಕಬ್ಬಿಣದ ತೊಟ್ಟಿಯ ನೀರಿನಲ್ಲಿ ಅದ್ದಿ, ಮತ್ತೆ ಕೆಲಸಕ್ಕೆ ಅಟ್ಟುತ್ತಿದ್ದ. ಆದರೆ ಕಟ್ಟಡ ಉಳಿಸುವುದೆಂದರೆ ಮಾಲೀಕರನ್ನು ಹೊಗಳುವುದಲ್ಲ. ಅದನ್ನು ಕೆಡವಿದರೆ ಆ ಮಕ್ಕಳು ದುಡಿದ ನೆಲವೂ ಅವರ ಸಂಕಟದ ಗುರುತೂ ಒಟ್ಟಿಗೇ ಅಳಿಸಿಹೋಗುತ್ತವೆ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ನೆಲದ ಮೇಲೆ ಈಗ ಮಾಲ್ ಎದ್ದಿದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳ ಸದ್ದು ಅಡಗಿದೆ. ಅಳಿದುಳಿದ ಗಿರಣಿ, ಗೋದಾಮು, ಚಿಮಣಿಗಳಲ್ಲಿ ಯಾವುದನ್ನೇ ಕೆಡಹಲು ಪರವಾನಗಿ ಕೊಡುವ ಮುನ್ನ ನಗರಾಡಳಿತಗಳು ಅದರ ಅಳತೆಯ ನಕ್ಷೆ ಬರೆಸಲಿ, ಛಾಯಾಚಿತ್ರ ತೆಗೆಸಲಿ, ಅಲ್ಲಿ ದುಡಿದವರ ಮಾತುಗಳನ್ನು ದಾಖಲಿಸಲಿ, ಮರುಬಳಕೆಯ ಸಾಧ್ಯತೆಯನ್ನು ಬಹಿರಂಗವಾಗಿ ಚರ್ಚಿಸಲಿ. ತಮ್ಮ ಊರಿನ ಗಿರಣಿಗಾಗಿ ಈ ಬೇಡಿಕೆಯನ್ನು ಬರಹದಲ್ಲಿ ನಗರಸಭೆಗೆ ಸಲ್ಲಿಸಬೇಕೆಂದು ಓದುಗರೆಲ್ಲರಲ್ಲಿ ಕೋರಲಾಗಿದೆ.