ಆಫೀಸಿನ ಹಳೇ ಡಬ್ಬಿ, ಮನೆಯ ಹಾಡುಪೆಟ್ಟಿಗೆ

"ಹಾಡು ಕೇಳೋಕೆ ಕಂಪ್ಯೂಟರ್ ಯಾಕೆ ಬೇಕು? ಕೈಯಾಗ ಮೊಬೈಲ್ ಐತಲ್ಲ?"

ಈ ವಿಷಯ ಎತ್ತಿದಾಗಲೆಲ್ಲ ಮೊದಲು ಬರೋ ಪ್ರಶ್ನೆ ಇದೇ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬರೀ ಹೊಸ ಸಿನಿಮಾ ಹಾಡು ಕೇಳೋದಷ್ಟೇ ಆದರೆ ಮೊಬೈಲ್ ಧಾರಾಳ ಸಾಕು, ನೀವು ಮುಂದೆ ಓದೋದೂ ಬೇಕಾಗಿಲ್ಲ. ಆದರೆ ನಮ್ಮ ಮೋಕದಂಥ ಊರಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಕ್ಯಾಸೆಟ್ಟುಗಳಿರುವ ಮನೆ ನಿಮ್ಮದಾಗಿದ್ದರೆ, ಸ್ವಲ್ಪ ನಿಲ್ಲಿ. ಆಫೀಸುಗಳಿಂದ ಗುಜರಿಗೆ ಹೋಗುತ್ತಿರುವ ಪುಟ್ಟ ಕಂಪ್ಯೂಟರ್ ಒಂದನ್ನು ತಂದು ಮನೆಯ ಹಾಡುಪೆಟ್ಟಿಗೆ ಮಾಡಿಕೊಳ್ಳಿ ಅನ್ನೋದು ನನ್ನ ವಾದ. ಇದು ಶೋಕಿಯ ಮಾತಲ್ಲ. ಆ ಕ್ಯಾಸೆಟ್ಟುಗಳಿಗೆ ಉಳಿದಿರೋ ಆಯಸ್ಸು ಕಡಿಮೆ, ಅದಕ್ಕೆ.

ಮೊದಲು ಈ ಡಬ್ಬಿ ಯಾವುದು ಅಂತ ಹೇಳಿಬಿಡ್ತೀನಿ. ಬ್ಯಾಂಕು, ಆಸ್ಪತ್ರೆ, ಕಾಲ್ ಸೆಂಟರುಗಳಲ್ಲಿ ಮಾನಿಟರಿನ ಬೆನ್ನಿಗೆ ಅಂಟಿಸಿರೋ ಸಣ್ಣ ಕಪ್ಪು ಪೆಟ್ಟಿಗೆ ನೋಡಿರ್ತೀರಿ. ಲೆನೊವೊದವರು ಅದಕ್ಕೆ ಥಿಂಕ್‌ಸೆಂಟರ್ ಟೈನಿ ಅಂತಾರೆ, ಡೆಲ್‌ನವರು ಆಪ್ಟಿಪ್ಲೆಕ್ಸ್ ಮೈಕ್ರೋ ಅಂತಾರೆ, ಎಚ್‌ಪಿಯವರದ್ದು ಎಲೈಟ್‌ಡೆಸ್ಕ್ ಮಿನಿ. ಸುಮಾರು 18 ಸೆಂಟಿಮೀಟರ್ ಅಗಲ, ಮೂರೂವರೆ ಸೆಂಟಿಮೀಟರ್ ದಪ್ಪ. ಟೇಪ್ ರೆಕಾರ್ಡರ್ ಪಕ್ಕದಲ್ಲಿಟ್ಟರೆ ಅದೂ ಒಂದು ಕ್ಯಾಸೆಟ್ ಡಬ್ಬಿಯೇನೋ ಅನ್ನಬೇಕು, ಹಾಗಿರುತ್ತೆ.

ಇವು ಈಗಲೇ ಯಾಕೆ ಇಷ್ಟೊಂದು ಸಿಗ್ತಿವೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನ 6, 7ನೇ ತಲೆಮಾರಿನ ಬಹುತೇಕ ಪ್ರೊಸೆಸರುಗಳನ್ನು ಅದು ಅಧಿಕೃತವಾಗಿ ಒಪ್ಪೋದಿಲ್ಲ. ಹೀಗಾಗಿ ಏನೂ ಕೆಡದ, ಎದ್ದು ಓಡಾಡೋ ಯಂತ್ರಗಳಿಗೆ ಆಫೀಸಿನವರು ವಯಸ್ಸಾಯಿತು ಅಂತ ನಿವೃತ್ತಿ ಕೊಟ್ಟು ಕಳಿಸ್ತಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನ್ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತವೆ. ಚೌಕಾಶಿ ಬಂದವರಿಗೆ ಇನ್ನೂ ಕಡಿಮೆಗೆ. ಹಾಡು ನುಡಿಸೋ ಕೆಲಸಕ್ಕೆ ಅದರ ಶಕ್ತಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ. ಎತ್ತಿನಗಾಡಿ ಎಳೆಯೋಕೆ ಟ್ರಾಕ್ಟರ್ ಕಟ್ಟಿದ ಹಾಗೆ.

ಕರೆಂಟಿನ ಲೆಕ್ಕ ಕೇಳ್ತೀರಿ, ಗೊತ್ತು. ಇವುಗಳಲ್ಲಿ ಹೆಚ್ಚಿನವು ಹಾಡು ನುಡಿಸುವಾಗ ತಿನ್ನೋದು ಸುಮಾರು 10 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ದಿನಕ್ಕೆ ಆರು ಗಂಟೆ ಹಾಕಿದರೆ ತಿಂಗಳಿಗೆ ಎರಡು ಯೂನಿಟ್ಟೂ ಆಗೋದಿಲ್ಲ. ಹಗಲೂ ರಾತ್ರಿ ಬಿಟ್ಟರೂ ಏಳು ಯೂನಿಟ್ಟು ಚಿಲ್ಲರೆ. ಮನೆಯ ಮೂಲೆಯಲ್ಲಿರೋ ಹಳೇ ದೊಡ್ಡ ಸಿಪಿಯು ಡಬ್ಬಿಯನ್ನೇ ಈ ಕೆಲಸಕ್ಕೆ ಹಚ್ಚಬಹುದಲ್ಲ ಅಂತ ಕೆಲವರು ಅಂತಾರೆ. ಹಚ್ಚಬಹುದು, ಆದರೆ ಅದು ನಾಲ್ಕೈದು ಪಟ್ಟು ಕರೆಂಟು ತಿನ್ನುತ್ತೆ, ಮೇಲಾಗಿ ಹಾಡಿಗಿಂತ ಅದರ ಫ್ಯಾನಿನ ಸದ್ದೇ ಜೋರು.

ಈಗ ಮುಖ್ಯ ಮಾತಿಗೆ ಬರೋಣ. ಆ್ಯಪ್ ಇರುವಾಗ ಇದೆಲ್ಲ ಯಾಕೆ?

ಒಂದು, ಆ್ಯಪುಗಳು ನಮ್ಮವಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು. ರೆಸ್ಸೋ 2024ರ ಜನವರಿಗೆ ಭಾರತದಿಂದ ಗಂಟು ಕಟ್ಟಿತು. ಅದೇ ವರ್ಷ ಏರ್‌ಟೆಲ್‌ನವರು ವಿಂಕ್ ಮ್ಯೂಸಿಕ್ ನಿಲ್ಲಿಸಿದರು. ಪ್ರತಿ ಸಲವೂ ಜನ ಕೂತು ಆರಿಸಿ, ಜೋಡಿಸಿ ಇಟ್ಟುಕೊಂಡಿದ್ದ ಪಟ್ಟಿಗಳು ಹೋದವು, ಇಲ್ಲವೇ ಇನ್ನೊಂದು ಕಡೆಗೆ ಹೊತ್ತೊಯ್ಯಬೇಕಾಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟಿದರೂ ಮನೆ ನಮ್ಮ ಹೆಸರಿಗೆ ಆಗೋದಿಲ್ಲವಲ್ಲ, ಹಾಗೆ.

ಎರಡು, ಇದೇ ದೊಡ್ಡದು. ನಮ್ಮ ಟ್ರಂಕಿನಲ್ಲಿ ಇರೋದು ಆ್ಯಪಿನಲ್ಲಿ ಇಲ್ಲ. ರಾಜಕುಮಾರರ ಹಾಡು ಎಲ್ಲಿ ಹುಡುಕಿದರೂ ಸಿಗುತ್ತೆ, ಘಂಟಸಾಲ ಅವರ ಹಾಡೂ ಸಿಗುತ್ತೆ. (ನಮ್ಮ ಗಡಿ ಸೀಮೆಯ ಮನೆಗಳಲ್ಲಿ ಎರಡೂ ಬೇಕು!) ಆದರೆ ಊರಿನ ಹುಡುಗರು ಜಾತ್ರೆಯಲ್ಲಿ ಆಡಿದ 'ರಕ್ತರಾತ್ರಿ' ನಾಟಕವನ್ನು ಯಾರೋ ಪುಣ್ಯಾತ್ಮರು ವೇದಿಕೆಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದಾರಲ್ಲ, ಅದು ಯಾವ ಆ್ಯಪಿನಲ್ಲಿದೆ? ಶ್ರಾವಣದ ಭಜನೆ, ಮೊಹರಂ ಹೊತ್ತಿನ ರಿವಾಯತ್ ಪದ, ಹೊಲದಲ್ಲಿ ಕಳೆ ಕೀಳುವಾಗಿನ ಹಾಡು, ಅಜ್ಜನ ತತ್ವಪದ, ಇವೆಲ್ಲ ಎಲ್ಲಿವೆ? ಆ ಟ್ರಂಕಿನಲ್ಲಿ ಮಾತ್ರ. ಒಂದೇ ಪ್ರತಿ.

ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ, ಧೂಳು, ಜೀನ್ಸ್ ಪ್ಯಾಂಟ್ ನೆನಪಾಗುತ್ತೆ. ಈ ನೆಲ ನಿಜವಾಗಿ ರಂಗಭೂಮಿಯದ್ದು. ಬಳ್ಳಾರಿ ರಾಘವರು (1880–1946) ನಮ್ಮವರು. ಗಮಕ, ನಾಟಕ ಎರಡನ್ನೂ ಕೈಹಿಡಿದ ಜೋಳದರಾಶಿ ದೊಡ್ಡನಗೌಡರು ನಮ್ಮ ತಾಲೂಕಿನವರೇ. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯಲ್ಲಿ ದ್ರೌಪದಿಯಾಗಿ ಹಾಡಿ ಹಳ್ಳಿ ಹಳ್ಳಿಯಲ್ಲಿ ಹೆಸರಾದ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡರು. ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ಹೋದರು. ಸಾವಿರಾರು ಸಾಲು ಬಾಯಲ್ಲೇ ಇಟ್ಟುಕೊಂಡಿದ್ದ ಬುರ್ರಕಥೆಯ ದರೋಜಿ ಈರಮ್ಮನವರು 2014ರಲ್ಲೇ ಹೋಗಿದ್ದರು. ಅವರ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕ ಮಾಡಿತು, ದೊಡ್ಡ ಉಪಕಾರ. ಆದರೆ ಇಷ್ಟು ಹೆಸರು ಮಾಡದ, ಒಂದೊಂದು ಊರಿಗೆ ಒಬ್ಬೊಬ್ಬರಿದ್ದ ಹಾಡುಗಾರರ ಪಾಲಿಗೆ ವಿಶ್ವವಿದ್ಯಾಲಯ ಯಾವುದು? ನಮ್ಮ ಮನೆಯ ಆ ಟ್ರಂಕೇ.

ಕ್ಯಾಸೆಟ್ ಪಟ್ಟಿ ಎಷ್ಟು ಕಾಲ ಇರುತ್ತೆ ಅನ್ನೋದು ಅದನ್ನು ಇಟ್ಟ ಜಾಗದ ಮೇಲೆ ಹೋಗುತ್ತೆ. ಸೆಕೆ, ಧೂಳು ಅದರ ವೈರಿಗಳು. ಬಳ್ಳಾರಿಯಲ್ಲಿರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡ್ತೀವಿ. ತಗಡಿನ ಟ್ರಂಕಿನಲ್ಲಿ, ಮಾಳಿಗೆ ಕೆಳಗಿನ ಅಟ್ಟದಲ್ಲಿ ಮೂವತ್ತು ಬೇಸಿಗೆ ಕಳೆದ ಪಟ್ಟಿ ಈಗಲೂ ಓಡ್ತಿದ್ದರೆ ಅದೇ ದೊಡ್ಡದು. ಅದನ್ನು ಓಡಿಸೋ ಟೇಪ್ ರೆಕಾರ್ಡರುಗಳೂ ಸಾಯ್ತಿವೆ, ರಿಪೇರಿ ಮಾಡೋ ಮಂದಿಯೂ ಕಡಿಮೆಯಾಗ್ತಿದ್ದಾರೆ.

ಸಾವಿರಾರು ರೂಪಾಯಿಯ ಹೊಸ ಸ್ಟ್ರೀಮರಿಗಿಂತ ಈ ಹಳೇ ಡಬ್ಬಿ ಮೇಲು ಅಂತ ನಾನು ಹೇಳೋದು ಇದಕ್ಕೇ. ಅಂಗಡಿಯ ಸ್ಟ್ರೀಮರ್ ಹಾಡು ನುಡಿಸುತ್ತೆ, ಅಷ್ಟೇ. ಇದು ಪೂರ್ತಿ ಕಂಪ್ಯೂಟರು, ಕ್ಯಾಸೆಟ್ಟಿನಿಂದ ಹಾಡನ್ನು ಇಳಿಸಿಕೊಳ್ಳೋದೂ ಇದರಲ್ಲೇ, ಆಮೇಲೆ ನುಡಿಸೋದೂ ಇದರಲ್ಲೇ. ಚೆನ್ನಾಗಿ ಓಡೋ ಒಂದು ಟೇಪ್ ರೆಕಾರ್ಡರ್ ಹುಡುಕಿ, ಅದರ ಹೆಡ್ ಒರೆಸಿ, ಹೆಡ್‌ಫೋನ್ ತೂತಿನಿಂದ ಒಂದು ವೈರು ಎಳೆದು ಯುಎಸ್‌ಬಿ ಸೌಂಡ್ ಕಾರ್ಡಿಗೆ ಕೊಡಿ. ಲೈನ್-ಇನ್ ಇರೋ ಕಾರ್ಡೇ ಆಗಿರಲಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನೋ ಪುಕ್ಕಟೆ ತಂತ್ರಾಂಶ ತೆರೆದು ರೆಕಾರ್ಡ್ ಒತ್ತಿ. ಒಂದು ಗಂಟೆಯ ಕ್ಯಾಸೆಟ್ ಇಳಿಸೋಕೆ ಒಂದು ಗಂಟೆ ಬೇಕೇ ಬೇಕು, ಅವಸರ ಮಾಡೋ ಹಾಗಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ ಗಂಟೆಗೆ ಸುಮಾರು 635 ಎಂಬಿ ಆಗುತ್ತೆ. ಫ್ಲಾಕ್ ರೂಪಕ್ಕೆ ತಂದರೆ ಶಬ್ದ ಒಂದಿಷ್ಟೂ ಕೆಡದೆ 400 ಎಂಬಿಯ ಆಸುಪಾಸಿಗೆ ಇಳಿಯುತ್ತೆ. ಅಂದರೆ ನೂರು ಕ್ಯಾಸೆಟ್ಟಿಗೆ 40 ಜಿಬಿ. ಈ ಡಬ್ಬಿಗಳ ಜೊತೆ ಬರೋ 256 ಜಿಬಿಯ ಸಣ್ಣ ಎಸ್‌ಎಸ್‌ಡಿಯಲ್ಲೇ ಇಡೀ ಓಣಿಯ ಕ್ಯಾಸೆಟ್ಟು ಹಿಡಿಸುತ್ತವೆ. ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ.

ಇಳಿಸಿದ ಮೇಲೆ ನುಡಿಸೋಕೆ ಏನು? ಇದಕ್ಕೂ ದುಡ್ಡು ಬೇಡ. ಲಿನಕ್ಸ್ ಹಾಕಿ ಅದರ ಮೇಲೆ ಲಿರಿಯಾನ್ ಮ್ಯೂಸಿಕ್ ಸರ್ವರ್ ಹಾಕಬಹುದು, ಅಥವಾ ಡಾಫೈಲ್, ವಾಲ್ಯೂಮಿಯೊದಂಥ ಹಾಡಿಗೇ ಮೀಸಲಾದ ವ್ಯವಸ್ಥೆ ಹಾಕಬಹುದು. ಡಬ್ಬಿಯನ್ನು ಸ್ಪೀಕರಿಗೋ, ಹಳೇ ಸ್ಟೀರಿಯೋದ ಆಕ್ಸ್ ತೂತಿಗೋ ಸಿಕ್ಕಿಸಿ, ಮನೆಯ ವೈಫೈ ಮೂಲಕ ಯಾರ ಮೊಬೈಲಿನಿಂದಲಾದರೂ ಹಾಡು ಆರಿಸಿ. ಮಾನಿಟರ್ ಬೇಡ. ಹಾಡು ಡಬ್ಬಿಯೊಳಗೇ ಇರೋದರಿಂದ ಇಂಟರ್ನೆಟ್ ಹೋದರೂ ಹಾಡು ನಿಲ್ಲೋದಿಲ್ಲ.

ಲಿರಿಯಾನ್‌ನ ಕಥೆ ನನ್ನ ವಾದಕ್ಕೆ ಒಳ್ಳೇ ಸಾಕ್ಷಿ. ಸ್ಲಿಮ್ ಡಿವೈಸಸ್ ಅನ್ನೋ ಸಣ್ಣ ಕಂಪನಿಯ ತಂತ್ರಾಂಶ ಅದು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಅದರ ಸ್ಕ್ವೀಜ್‌ಬಾಕ್ಸ್ ಯಂತ್ರಗಳನ್ನು ಕೈಬಿಟ್ಟಿತು, 2024ರಲ್ಲಿ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೆ ಸರ್ವರ್ ತಂತ್ರಾಂಶದ ಮೂಲ ಎಲ್ಲರಿಗೂ ತೆರೆದಿತ್ತು ನೋಡಿ, ಬಳಸೋರೇ ಅದನ್ನು ಎತ್ತಿಕೊಂಡು ಹೊಸ ಹೆಸರಿಟ್ಟು ಸಾಕ್ತಿದ್ದಾರೆ. ಕಂಪನಿ ಹೋಯಿತು, ಕೆಲಸ ಉಳಿಯಿತು. ಬಾಡಿಗೆ ಆ್ಯಪಿಗೆ ಈ ಭಾಗ್ಯ ಇಲ್ಲ.

ಒಂದು ಕೆಲಸ ಮಾತ್ರ ಯಾವ ತಂತ್ರಾಂಶವೂ ಮಾಡಿಕೊಡೋದಿಲ್ಲ, ಹೆಸರು ಬರೆಯೋದು. 'ಟ್ರ್ಯಾಕ್ 01, ಟ್ರ್ಯಾಕ್ 02' ಅಂತ ಬಿಟ್ಟರೆ ಟ್ರಂಕಿನಲ್ಲಿದ್ದ ಗೊಂದಲ ಡಬ್ಬಿಗೆ ಬಂತು, ಅಷ್ಟೇ. ಯಾರು ಹಾಡಿದ್ದು, ಯಾವ ಊರು, ಯಾವ ಜಾತ್ರೆ, ಹಾರ್ಮೋನಿಯಂ ಯಾರದ್ದು, ಸುಮಾರು ಯಾವ ವರ್ಷ, ಎಲ್ಲ ಬರೆಯಿರಿ. ಯುನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರವಾಗುತ್ತೆ, ಹುಡುಕಿದರೆ ಸಿಗೋದೂ ಇಲ್ಲ. ಈ ಹೆಸರುಗಳನ್ನು ಹೇಳಬಲ್ಲವರು ಅಪ್ಪ, ಅವ್ವ, ಓಣಿಯ ಹಿರಿಯರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಹಾಕಿ, ತಾವಾಗಿಯೇ ಹೇಳ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಅವಸರದ್ದು ಇದೇ. ಪಟ್ಟಿ ಇನ್ನೆರಡು ವರ್ಷ ತಾಳಬಹುದು, ಕೇಳಿ ಗುರುತು ಹೇಳೋ ಕಿವಿಗಳು ತಾಳುತ್ತವೆ ಅನ್ನೋ ಭರವಸೆ ಏನು?

ತಕರಾರುಗಳೂ ಇವೆ, ಮುಚ್ಚಿಡೋದಿಲ್ಲ. ಕರೆಂಟು ಹೋಗಿ ಬಂದರೆ? ಇವುಗಳ ಬಯೋಸ್‌ನಲ್ಲಿ 'ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗು' ಅನ್ನೋ ಆಯ್ಕೆ ಇರುತ್ತೆ, ಅದನ್ನು ಹಾಕಿಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಕೊಡಿ, ಪದೇ ಪದೇ ಕರೆಂಟು ಕಡಿದರೆ ಡಿಸ್ಕಿಗೆ ಒಳ್ಳೇದಲ್ಲ. ಸೆಕೆ, ಧೂಳು? ಆರು ತಿಂಗಳಿಗೊಮ್ಮೆ ಬಿಚ್ಚಿ ಫ್ಯಾನ್ ಒರೆಸಿ, ಬಾಗಿಲಿಲ್ಲದ ಶೆಲ್ಫಿನಲ್ಲಿಡಿ. ಕೊಳ್ಳುವಾಗ ಅಸಲಿ ಅಡಾಪ್ಟರ್ ಜೊತೆಗಿದೆಯಾ, ಬಯೋಸ್‌ಗೆ ಪಾಸ್‌ವರ್ಡ್ ಜಡಿದಿಲ್ಲ ತಾನೇ ಅಂತ ನೋಡಿಯೇ ದುಡ್ಡು ಕೊಡಿ. ಲಿನಕ್ಸ್ ಬರೋದಿಲ್ಲ ಅಂದರೆ, ಒಂದು ಭಾನುವಾರದ ಕೆಲಸ ಅದು. ಕಾಲೇಜಿಗೆ ಹೋಗೋ ಹುಡುಗ ಹುಡುಗಿಯರು ಓಣಿಗೆ ಒಬ್ಬರಾದರೂ ಇರ್ತಾರಲ್ಲ, ಅವರಿಗೆ ಚಾ ಕುಡಿಸಿ :-)

ಹಿರಿಯರಿಗೆ ಮೊಬೈಲಿನಲ್ಲಿ ಆರಿಸೋದು ಕಷ್ಟ ಅನ್ನೋದು ನಿಜ. ಅದಕ್ಕೆ ಒಂದು ಯುಎಸ್‌ಬಿ ನಂಬರ್ ಕೀಪ್ಯಾಡ್ ಸಿಕ್ಕಿಸಿ, ಸ್ವಲ್ಪ ತಲೆ ಕೆಡಿಸಿಕೊಂಡರೆ 1 ಒತ್ತಿದರೆ ಭಜನೆ, 2 ಒತ್ತಿದರೆ ನಾಟಕ ಅಂತ ಮಾಡಬಹುದು. ಟೇಪ್ ರೆಕಾರ್ಡರ್ ಗುಂಡಿ ಒತ್ತಿದ ಕೈಗೆ ಇದು ಹೊಸದಲ್ಲ. ಮೊಬೈಲ್ ಒಬ್ಬರದ್ದು, ಕಿವಿಗೆ ಸಿಕ್ಕಿಸಿಕೊಂಡರೆ ಮುಗೀತು. ಪಡಸಾಲೆಯ ಪೆಟ್ಟಿಗೆ ಮನೆಯವರೆಲ್ಲರದ್ದು.

ಕೊನೆಗೆ ಒಂದು ಎಚ್ಚರಿಕೆ. ಕಂಪನಿಗಳು ಮಾರಿದ ಕ್ಯಾಸೆಟ್ಟನ್ನು ಮನೆಯಲ್ಲಿ ಕೇಳೋಕೆ ಇಳಿಸಿಕೊಳ್ಳೋದು ಒಂದು, ಅದನ್ನು ಯೂಟ್ಯೂಬಿಗೆ ಏರಿಸೋದು ಇನ್ನೊಂದು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತೆ, ಏರಿಸಬೇಡಿ. ಊರವರು ಹಾಡಿದ್ದಾದರೆ ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಿ, ಅವರಿಗೊಂದು ಪ್ರತಿ ಮೊದಲು ಕೊಡಿ. ತೀರಿಹೋದ ಅಪ್ಪನ ದನಿ ಒಂದು ಪೆನ್‌ಡ್ರೈವ್‌ನಲ್ಲಿ ಮನೆಗೆ ಬಂದರೆ ಆ ಮನೆಯಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಹತ್ತು ಸಾವಿರ ಸಣ್ಣ ಮೊತ್ತ ಅಂತ ನಾನು ಹೇಳೋದಿಲ್ಲ. ಹತ್ತಿ, ಮೆಣಸಿನಕಾಯಿಗೆ ರೇಟು ಸಿಗದ ವರ್ಷ ಅದು ದೊಡ್ಡದೇ. ಹಾಗಾದರೆ ನಾಲ್ಕು ಮನೆ ಸೇರಿ ಒಂದು ತನ್ನಿ, ಭಜನಾ ಮಂಡಳಿಯ ಹೆಸರಲ್ಲಿ ತನ್ನಿ, ಶಾಲೆಯಲ್ಲಿಡಿ. ಯಾವುದೂ ಆಗೋದಿಲ್ಲ ಅಂದರೆ ಟ್ರಂಕನ್ನಾದರೂ ಈ ಬೇಸಿಗೆಗೆ ಮೊದಲು ಅಟ್ಟದಿಂದ ಇಳಿಸಿ, ತಂಪಿರೋ ಕೋಣೆಗೆ ತನ್ನಿ. ಅದಕ್ಕಂತೂ ದುಡ್ಡು ಬೇಡ.