ಮನೋಳಿ ರೈತರ ಮನಸ್ಸು ಅಳೆಯೋಕೆ ಕಳ್ಳ ಸಾಫ್ಟ್‌ವೇರ್ ಯಾಕ್ರೀ?

ಮೊನ್ನೆ ಮನೋಳಿಗೆ ಹೋಗಿದ್ದೆ. ಬೋರ್ಡಿನ ಮೇಲೆ ಮುನವಳ್ಳಿ ಅಂತ ಇದ್ರೂ ನಮ್ಮ ಬಾಯಲ್ಲಿ ಅದು ಮನೋಳಿನೇ. ಅಕ್ಕನ ಮಗಳು ಲ್ಯಾಪ್‌ಟಾಪ್ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಪಿಎಚ್‌ಡಿ ಮಾಡ್ತಿದಾಳೆ. ಸುತ್ತಲಿನ ಹಳ್ಳಿಗಳಲ್ಲಿ ಬಿಸಿಲು ಅನ್ನದೆ ಅಡ್ಡಾಡಿ ರೈತರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬಂದವಳು.

"ಮಾಮಾ, ಆ ಸಾಫ್ಟ್‌ವೇರ್‌ದಾಗ ಮಾಡಿದ್ರಷ್ಟ ನಡೀತದ ಅಂತ ಗೈಡ್ ಹೇಳ್ಯಾರ. ರೊಕ್ಕ ಎಲ್ಲಿಂದ ತರ್ಲಿ? ಗೆಳತಿ ಕ್ರ್ಯಾಕ್ ಮಾಡಿದ್ದು ಕೊಡ್ತೀನಿ ಅಂದಾಳ."

ಸಿಟ್ಟು ಬಂತು. ಅವಳ ಮೇಲಲ್ಲ.

ಅವಳ ಪ್ರಶ್ನೆ ಇಷ್ಟು. ನೀರಿನ ಚಿಂತೆ ಹೆಚ್ಚಾದ ರೈತ ಬೆಳೆ ವಿಮೆ ಮಾಡಿಸ್ತಾನಾ? ವಿಮೆ ಮೇಲೆ ನಂಬಿಕೆನೇ ಇಲ್ಲದವನ ಮೇಲೂ ಆ ಚಿಂತೆ ಅಷ್ಟೇ ಕೆಲಸ ಮಾಡುತ್ತಾ? ಚಿಂತೆ, ನಂಬಿಕೆ ಎರಡನ್ನೂ ತಕ್ಕಡಿಗೆ ಹಾಕೋಕಾಗಲ್ಲ. ನಾಲ್ಕೈದು ಪ್ರಶ್ನೆ ಕೇಳಿ ಹಿಂದಿರೋದನ್ನ ಊಹಿಸಬೇಕು. ಇವೇ ಲೇಟೆಂಟ್ ವೇರಿಯೇಬಲ್‌ಗಳು. ಒಂದರ ಪರಿಣಾಮ ಇನ್ನೊಂದರ ಮೇಲೆ ನಿಂತಿದ್ರೆ ಅದು ಇಂಟರ್‌ಆಕ್ಷನ್. ಗೊಬ್ಬರ ಹಾಕಿದ ಹಾಗೆ... ಹಸಿ ಇದ್ರೆ ಪೀಕು ಏಳುತ್ತೆ, ಮಳೆ ಕೈಕೊಟ್ರೆ ಅದೇ ಗೊಬ್ಬರ ಪೀಕನ್ನ ಸುಡುತ್ತೆ.

ಗೈಡ್ ತೋರಿಸಿದ ದಾರಿ? ಅಂಕ ಕೂಡಿಸು, ನಡುವೆ ಗೆರೆ ಎಳೆ, ನಂಬುವವರು ಈ ಕಡೆ, ನಂಬದವರು ಆ ಕಡೆ. ಗೆರೆಯ ಆಚೀಚೆ ಕೂತ ಇಬ್ಬರು ಅಕ್ಕಪಕ್ಕದ ಮನೆಯವರಂಥವರು, ಅವರನ್ನ ಬೇರೆ ಬೇರೆ ಊರಿಗೆ ಕಳಿಸಿದ ಹಾಗಾಯ್ತು! ಸುಮ್ಮನೆ ಗುಣಿಸಿದ್ರೂ ಕಷ್ಟವೇ. ಎರಡೂ ಅಳತೆಗಳ ವಿಶ್ವಾಸಾರ್ಹತೆ 0.7 ಅಂದುಕೊಳ್ಳಿ, ಅವುಗಳ ನಡುವೆ ಸಂಬಂಧ ಇಲ್ಲದಿದ್ರೆ ಗುಣಲಬ್ಧದ್ದು 0.49ಕ್ಕೆ ಇಳಿಯುತ್ತೆ. ಇದ್ದ ಪರಿಣಾಮವೂ ಕಾಣಲ್ಲ. ಆಮೇಲೆ ಥೀಸಿಸ್‌ನಲ್ಲಿ "ರೈತರ ನಂಬಿಕೆಯಿಂದ ವ್ಯತ್ಯಾಸವಿಲ್ಲ" ಅಂತ ಅಚ್ಚಾಗುತ್ತೆ. ಬಿಸಿಲಲ್ಲಿ ನಿಂತು ಉತ್ತರ ಕೊಟ್ಟ ರೈತನಿಗೆ ಇದಾ ಮರ್ಯಾದೆ?

ಇದಕ್ಕೆ ಮದ್ದು ಹೊಸದೇನಲ್ಲ. ಕೆನ್ನಿ ಮತ್ತು ಜಡ್ 1984ರಲ್ಲೇ ಒಂದು ದಾರಿ ತೋರಿಸಿದ್ರು, ಕ್ಲೈನ್ ಮತ್ತು ಮೂಸ್‌ಬ್ರುಗರ್ 2000ದಲ್ಲಿ ಇನ್ನೊಂದು. ಎಂಪ್ಲಸ್‌ನಲ್ಲಿ ಇದು ಬಹಳ ವರ್ಷಗಳಿಂದ ಇದೆ, ಆದ್ರೆ ದುಡ್ಡು ಕೊಡಬೇಕು. ಪುಕ್ಕಟೆ ಸಿಗೋ ಆರ್‌ನಲ್ಲಿ ಬೆಲ್ಜಿಯಂನ ರೊಸೀಲ್ ಅವರ ಲವಾನ್ ಇದೆ, ಗುಣಲಬ್ಧ ಮಾಡಿಕೊಡೋಕೆ ಸೆಮ್‌ಟೂಲ್ಸ್ ಇದೆ. ಈಚೆಗೆ ಬಂದ ಮಾಡ್‌ಸೆಮ್‌ನಲ್ಲಿ ಎರಡೂ ದಾರಿಗಳಿವೆ. ಎರಡು ಹೆಸರುಗಳ ನಡುವೆ ಒಂದು ಕೋಲನ್ ಹಾಕಿದ್ರೆ ಆಯ್ತು!

"ಪುಕ್ಕಟೆಯದನ್ನ ನಂಬೋದ್ಹೆಂಗ?" ಅನ್ನೋ ದೊಡ್ಡವರಿಗೆ ನನ್ನದೊಂದು ಪ್ರಶ್ನೆ. ಒಳಗಿನ ಕೋಡ್ ತೆರೆದು ತೋರಿಸೋದನ್ನ ನಂಬಲ್ಲ, ಕದ್ದು ತಂದು ವೈರಸ್ ಜೊತೆ ಹಾಕಿಕೊಂಡಿದ್ದನ್ನ ನಂಬ್ತೀರಾ? ಒಬ್ಬರ ಫಾಂಟ್‌ನಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಹುಳ ಹರಿದಾಡಿದ ಹಾಗೆ ಕಾಣ್ತಿದ್ದ ಕಾಲ ನಮಗೆ ನೆನಪಿದೆ ಅಲ್ವಾ? ಯೂನಿಕೋಡ್‌ಗೋಸ್ಕರ ಜಗಳ ಆಡಿದ ನಾವಾದರೂ ಈ ಮಾತು ಅರ್ಥ ಮಾಡಿಕೊಳ್ಳಬೇಕು.

ಹಾಗಂತ ಮಾಡ್‌ಸೆಮ್ ಮಂತ್ರದಂಡ ಅಲ್ಲ. ಇಪ್ಪತ್ತು ಜನರನ್ನ ಕೇಳಿ ಬಂದವರನ್ನ ಯಾವ ಸಾಫ್ಟ್‌ವೇರೂ ಉಳಿಸಲ್ಲ. ಕ್ಲೈನ್-ಮೂಸ್‌ಬ್ರುಗರ್ ದಾರಿಗೂ ಅದರದ್ದೇ ಷರತ್ತುಗಳಿವೆ, ಅಂಕಿಗಳು ತೀರಾ ಒಂದೇ ಕಡೆ ವಾಲಿದ್ರೆ ಎಚ್ಚರ ಬೇಕು.

ರಾತ್ರಿ ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆರ್ ಇಳಿಸಿಕೊಂಡ್ವಿ. ಸೋಮವಾರ ಗೈಡ್ ಹತ್ರ ಹೋಗ್ತಾಳೆ. ಗೆರೆ ಎಳೆದದ್ದು, ಎಳೆಯದ್ದು ಎರಡೂ ಫಲಿತಾಂಶ ಪ್ರಿಂಟ್ ತಗೊಂಡು ಹೋಗು ಅಂದಿದೀನಿ. ನಿಮ್ಮಲ್ಲಿ ಯಾರಾದ್ರೂ ಗೈಡ್‌ಗಳಿದ್ರೆ ಕಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ :)